ಶವ ದ್ರೌಪದಿಯಾದ ರಾತ್ರಿ

1982ರ ಜನವರಿಯಲ್ಲಿ ಮುಂಬೈ ನಗರ ಒಂದೇ ವಾರದ ಅಂತರದಲ್ಲಿ ಎರಡು ದೊಡ್ಡ ಸುದ್ದಿಗಳನ್ನು ಕಂಡಿತು. ಮೊದಲನೆಯದು ಮುಖ್ಯಮಂತ್ರಿ ಎ.ಆರ್. ಅಂತುಳೆಯವರ ಪದತ್ಯಾಗ. ಆ ಕಾಲಕ್ಕೆ ಸಿಮೆಂಟು ಸರ್ಕಾರದ ಹಿಡಿತದಲ್ಲಿತ್ತು. ಮನೆಯ ಮೇಲೊಂದು ಕೋಣೆ ಎಬ್ಬಿಸುವವನಿಗೂ ಪರ್ಮಿಟ್ ಬೇಕು, ಇಪ್ಪತ್ತು ಅಂತಸ್ತು ಎಬ್ಬಿಸುವ ಬಿಲ್ಡರನಿಗೂ ಕೋಟಾ ಬೇಕು. ಬಿಲ್ಡರುಗಳಿಗೆ ಸಿಕ್ಕ ಸಿಮೆಂಟಿಗೂ ಮುಖ್ಯಮಂತ್ರಿಗಳು ಸ್ಥಾಪಿಸಿದ ಟ್ರಸ್ಟಿಗೆ ಅವರು ಕೊಟ್ಟ ದೇಣಿಗೆಗೂ ನಂಟಿದೆ ಎಂದು 1981ರ ಆಗಸ್ಟ್ ಕೊನೆಯಲ್ಲಿ ಅರುಣ್ ಶೌರಿ ‘ಇಂಡಿಯನ್ ಎಕ್ಸ್‌ಪ್ರೆಸ್’ನಲ್ಲಿ ಬರೆದರು. ಟ್ರಸ್ಟಿನ ಹೆಸರಿನಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರ ಹೆಸರೂ ಸೇರಿತ್ತು. ಸಂಸತ್ತಿನಲ್ಲಿ ಗದ್ದಲವೆದ್ದಿತು, ಮೊಕದ್ದಮೆ ಬಾಂಬೆ ಹೈಕೋರ್ಟಿಗೆ ಹೋಯಿತು, ನ್ಯಾಯಮೂರ್ತಿ ಲೆಂಟಿನ್ ಅವರ ತೀರ್ಪು ದೇಣಿಗೆಗೂ ಸಿಮೆಂಟಿಗೂ ಸಂಬಂಧವಿದೆ ಎಂದಿತು. ಅಂತುಳೆ ಕುರ್ಚಿ ಬಿಟ್ಟರು.

ಎರಡನೆಯ ಸುದ್ದಿ ಜನವರಿ 18ರದ್ದು. ದತ್ತಾ ಸಾಮಂತರ ಮುಂದಾಳತ್ವದಲ್ಲಿ ಬಟ್ಟೆ ಗಿರಣಿಗಳ ಸುಮಾರು 2.5 ಲಕ್ಷ ಕಾರ್ಮಿಕರು ಕೆಲಸ ನಿಲ್ಲಿಸಿದರು. ಆ ಮುಷ್ಕರ ಯಾರೂ ಗೆಲ್ಲದೆ, ಯಾರೂ ಅಧಿಕೃತವಾಗಿ ಮುಗಿಯಿತೆಂದು ಹೇಳದೆ ಸೊರಗಿಹೋಯಿತು. ಗಿರಣಿಯ ಸೈರನ್ನಿನಿಂದ ದಿನ ಆರಂಭಿಸುತ್ತಿದ್ದ ಪರೇಲ್, ಲಾಲ್‌ಬಾಗ್‌ಗಳ ಬದುಕು ಆನಂತರ ಹಿಂದಿನಂತೆ ಆಗಲಿಲ್ಲ. ಗಿರಣಿ ನಿಂತ ನೆಲದ ಮೇಲೆ ಮುಂದೆ ಯಾರ ಕಣ್ಣು ಬಿತ್ತು, ಅಲ್ಲಿ ಈಗ ಏನೇನು ಎದ್ದಿದೆ ಎಂಬುದು ದಾದರಿನಿಂದ ದಕ್ಷಿಣಕ್ಕೆ ರೈಲಿನಲ್ಲಿ ಹೋದವರಿಗೆಲ್ಲ ಕಾಣುತ್ತದೆ.

ಅದೇ ವರ್ಷ, ಅದೇ ನಗರದ ಬೀದಿಗಳಲ್ಲಿ, ಮೂವತ್ತರ ಆಚೀಚಿನ ಕೆಲವರು ಸರ್ಕಾರದ್ದೇ ಹಣ ತಂದು ಒಂದು ಸಿನಿಮಾ ತೆಗೆಯುತ್ತಿದ್ದರು. ಕಥೆಯಲ್ಲಿ ಇಬ್ಬರು ಬಿಲ್ಡರುಗಳಿದ್ದರು, ಇಬ್ಬರಿಂದಲೂ ತಿನ್ನುವ ಒಬ್ಬ ಮುನಿಸಿಪಲ್ ಕಮಿಷನರ್ ಇದ್ದ, ಕಟ್ಟಿ ಮುಗಿಯುತ್ತಿದ್ದಂತೆ ಬೀಳುವ ಒಂದು ಸೇತುವೆ ಇತ್ತು. ಕುಂದನ್ ಶಾ ನಿರ್ದೇಶಿಸಿದ ‘ಜಾನೇ ಭೀ ದೋ ಯಾರೋ’ ತೆರೆಕಂಡದ್ದು 1983ರ ಆಗಸ್ಟ್ 12ರಂದು. ಇದನ್ನು ಹೊಟ್ಟೆ ಹುಣ್ಣಾಗುವಂತೆ ನಗಿಸಿದ ಚಿತ್ರವೆಂದು ಜನ ನೆನೆಯುತ್ತಾರೆ, ಅದು ಸರಿಯೂ ಹೌದು. ಆದರೆ ಇದು ಸಿಟ್ಟಿನಲ್ಲಿ ಹುಟ್ಟಿದ ಚಿತ್ರ. ಆ ಸಿಟ್ಟಿನ ಕಾರಣಗಳು ಆಗಿನ ಪತ್ರಿಕೆಗಳ ಮುಖಪುಟದಲ್ಲೇ ಇದ್ದವು. ಅವನ್ನು ಬಿಟ್ಟು ಬರೀ ನಗುವನ್ನು ಉಳಿಸಿಕೊಂಡರೆ ಚಿತ್ರದ ಅರ್ಧ ಕೈತಪ್ಪುತ್ತದೆ.

ಕುಂದನ್ ಶಾ ಹುಟ್ಟಿದ್ದು 1947ರಲ್ಲಿ. ಬಿ.ಕಾಂ. ಓದಿ, ಮುಂಬೈಯ ಪುಸ್ತಕ ಪ್ರಕಾಶನ ಸಂಸ್ಥೆಯೊಂದರಲ್ಲಿ ಕೆಲಸ ಮಾಡಿ, ಆಮೇಲೆ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಸೇರಿದವರು. ಅಲ್ಲಿ ಅವರು ಮಾಡಿದ ಡಿಪ್ಲೊಮಾ ಚಿತ್ರ ‘ಬೋಂಗಾ’ ಮೂಕಿ ಹಾಸ್ಯಚಿತ್ರಗಳ ಜಾಡಿನದು. ಸುತ್ತಲಿನವರೆಲ್ಲ ಗಂಭೀರ ಸಿನಿಮಾದ ಕನಸು ಕಾಣುತ್ತಿದ್ದಾಗ ಇವರು ಬಿದ್ದು, ಎದ್ದು, ಓಡಿ ನಗಿಸುವವರ ಹಿಂದೆ ಹೋದರು. ಎಪ್ಪತ್ತರ ದಶಕದ ಆ ಇನ್‌ಸ್ಟಿಟ್ಯೂಟಿನಲ್ಲಿ ಅದು ಸುಲಭದ ಆಯ್ಕೆಯಾಗಿರಲಿಲ್ಲ.

ಕನ್ನಡಿಗರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಎಪ್ಪತ್ತರ ದಶಕದ ನಡುವಿನಲ್ಲಿ ಪುಣೆಯ ಆ ಸಂಸ್ಥೆಯ ನಿರ್ದೇಶಕರಾಗಿದ್ದವರು ಗಿರೀಶ ಕಾರ್ನಾಡರು. ಅವರ ಅವಧಿಯಲ್ಲಿ ನಟನಾ ವಿಭಾಗದ ವಿದ್ಯಾರ್ಥಿಗಳು, ನಿರ್ದೇಶನದ ವಿದ್ಯಾರ್ಥಿಗಳು ತಮ್ಮನ್ನು ಚಿತ್ರಗಳಿಗೆ ತೆಗೆದುಕೊಳ್ಳುತ್ತಿಲ್ಲವೆಂದು ಮುಷ್ಕರ ಹೂಡಿದರು. ಮುಂದಾಳುಗಳಲ್ಲಿ ಒಬ್ಬರು ನಸೀರುದ್ದೀನ್ ಶಾ. ತಮ್ಮ ವಿರುದ್ಧವೇ ಧರಣಿ ಕೂತ ಹುಡುಗನ ಹೆಸರನ್ನು ಕಾರ್ನಾಡರು ಶ್ಯಾಮ್ ಬೆನಗಲ್‌ರಿಗೆ ಹೇಳಿದ್ದರಿಂದಲೇ ‘ನಿಶಾಂತ್’ ಚಿತ್ರದಲ್ಲಿ ನಸೀರರಿಗೆ ಅವಕಾಶ ಸಿಕ್ಕಿತು. ಇನ್ನೊಂದು ಕಡೆ, ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯನ್ನು 1977ರಿಂದ ನಡೆಸುತ್ತಿದ್ದವರು ಬಿ.ವಿ. ಕಾರಂತರು. ಅದೇ ಶಾಲೆಯಿಂದ ಸತೀಶ್ ಕೌಶಿಕ್ ಬಂದರು, ನೀನಾ ಗುಪ್ತಾ ಬಂದರು. ಪಂಕಜ್ ಕಪೂರ್, ಓಂ ಪುರಿ, ರಂಜಿತ್ ಕಪೂರ್ ಇವರಿಗಿಂತ ಕೆಲವು ವರ್ಷ ಮೊದಲೇ ಅಲ್ಲಿ ಕಲಿತವರು. ಈ ಎರಡು ಶಾಲೆಗಳ ನೀರು ಬಂದು ಕೂಡಿದ ಜಾಗ ಕುಂದನ್ ಶಾ ಅವರ ಈ ಒಂದು ಚಿತ್ರ. ಇಷ್ಟು ಕಡಿಮೆ ಹಣದಲ್ಲಿ ಇಷ್ಟು ಗಟ್ಟಿ ನಟರ ತಂಡ ಒಂದಾದದ್ದಕ್ಕೆ ಅದೇ ಕಾರಣ. ಇವರೆಲ್ಲ ಒಬ್ಬರಿಗೊಬ್ಬರು ಹಾಸ್ಟೆಲಿನ, ಮೆಸ್ಸಿನ, ಸಾಲದ ಸಿಗರೇಟಿನ ಗೆಳೆಯರು.

ಕಥೆಯ ಬೀಜ ಬಿದ್ದದ್ದು ಹೈದರಾಬಾದಿನಲ್ಲಿ. ಪುಣೆಯಲ್ಲಿ ಕಲಿತ ಇಬ್ಬರು ಗೆಳೆಯರು ಹೊಟ್ಟೆಪಾಡಿಗೆ ಅಲ್ಲೊಂದು ಫೋಟೋ ಸ್ಟುಡಿಯೋ ತೆರೆದಿದ್ದರು. ಕಲೆಯ ಕನಸು ಕಂಡವರು ಗಿರಾಕಿಗಾಗಿ ಬಾಗಿಲು ಕಾಯುತ್ತ ಪಟ್ಟ ಪಾಡನ್ನು ಕುಂದನ್ ಶಾ ಆ ಗೆಳೆಯರ ಬಾಯಿಂದಲೇ ಕೇಳಿದರು. ಆ ಕಥೆಗಳಲ್ಲಿ ನಗುವೂ ಇತ್ತು, ಹಸಿವೂ ಇತ್ತು. ಹೈದರಾಬಾದಿನ ಸ್ಟುಡಿಯೋ ಮುಂಬೈಗೆ ಬಂದು ‘ಬ್ಯೂಟಿ ಫೋಟೋ ಸ್ಟುಡಿಯೋ’ ಆಯಿತು. ಅದರ ಸುತ್ತ ಅಂದಿನ ಪತ್ರಿಕೆಗಳ ಬಿಲ್ಡರುಗಳು, ಟೆಂಡರುಗಳು, ಕಮಿಷನರುಗಳು ಬಂದು ಸೇರಿದರು. ಚಿತ್ರಕಥೆಯಲ್ಲಿ ಕುಂದನ್‌ರ ಜೊತೆಗೂಡಿದವರು ಸುಧೀರ್ ಮಿಶ್ರಾ. ಸಂಭಾಷಣೆ ಬರೆದವರು ರಂಜಿತ್ ಕಪೂರ್ ಮತ್ತು ಸತೀಶ್ ಕೌಶಿಕ್. ನಿರ್ಮಾಣದ ಲೆಕ್ಕಪತ್ರ, ಓಡಾಟ, ಬೈಗುಳ ಎಲ್ಲವನ್ನೂ ಹೊತ್ತವರು ವಿಧು ವಿನೋದ್ ಚೋಪ್ರಾ. ಇವರಲ್ಲಿ ಚೋಪ್ರಾ, ಮಿಶ್ರಾ ಇಬ್ಬರಿಗೆ ಸಿಕ್ಕ ಗೌರವವೆಂದರೆ ಚಿತ್ರದ ನಾಯಕರಿಬ್ಬರಿಗೂ ಅವರದೇ ಹೆಸರು: ನಸೀರ್ ವಿನೋದ್ ಚೋಪ್ರಾ ಆದರು, ರವಿ ಬಾಸ್ವಾನಿ ಸುಧೀರ್ ಮಿಶ್ರಾ ಆದರು.

ಹಣ ಕೊಟ್ಟದ್ದು ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮ, ಎಂದರೆ ಎನ್‌ಎಫ್‌ಡಿಸಿ. ಹಳೆಯ ಫಿಲ್ಮ್ ಫೈನಾನ್ಸ್ ಕಾರ್ಪೊರೇಷನ್ 1980ರಲ್ಲಿ ಇದರೊಳಗೆ ಸೇರಿತ್ತು. ರಿಚರ್ಡ್ ಅಟೆನ್‌ಬರೋ ಅವರ ‘ಗಾಂಧಿ’ಗೂ ಇದೇ ನಿಗಮ ಅದೇ ಹೊತ್ತಿನಲ್ಲಿ ಪಾಲು ಬಂಡವಾಳ ಹಾಕಿತ್ತು. ‘ಗಾಂಧಿ’ಯ ಒಟ್ಟು ವೆಚ್ಚ ಸುಮಾರು 2.2 ಕೋಟಿ ಡಾಲರ್. ಕುಂದನ್ ಶಾ ಅವರ ಕೈಗೆ ಬಂದದ್ದು 7 ಲಕ್ಷ ರೂಪಾಯಿಯ ಆಸುಪಾಸು. ಆ ಕಾಲಕ್ಕೂ ಅದು ಸಿನಿಮಾಕ್ಕೆ ತೀರಾ ಕಡಿಮೆ ಹಣ. ನಟರ ಪೈಕಿ ಅತಿ ಹೆಚ್ಚು ಸಂಭಾವನೆ ಪಡೆದವರು ನಸೀರ್, ಅದು 15 ಸಾವಿರ ರೂಪಾಯಿ. ಮಿಕ್ಕವರಿಗೆ ಕೆಲವು ಸಾವಿರ. ಚಿತ್ರದಲ್ಲಿ ವಿನೋದನ ಕೊರಳಲ್ಲಿ ತೂಗುವ ಕ್ಯಾಮೆರಾ ನಸೀರರ ಸ್ವಂತದ್ದು. ಬಾಡಿಗೆ ಉಳಿಯಲೆಂದು ಅವರೇ ತಂದುಕೊಟ್ಟ ಆ ನಿಕಾನ್ ಶೂಟಿಂಗ್ ನಡೆಯುತ್ತಿದ್ದಾಗಲೇ ಕಳುವಾಯಿತು.

ಊಟದ ಕಥೆಯನ್ನು ಆ ತಂಡದವರು ಕೊನೆಯವರೆಗೂ ಹೇಳುತ್ತಿದ್ದರು. ಲೆಕ್ಕದಲ್ಲಿ ಇರುವುದು ಇಷ್ಟು ಜನಕ್ಕೆ, ಪಂಕ್ತಿಗೆ ಕೂತವರು ಅದರ ಎರಡು ಪಟ್ಟು. ದಾಲ್‌ಗೆ ನೀರು ಹುಯ್ಯುವುದೇ ದಾರಿ. ಅದನ್ನೇ ಉಂಡು ಮತ್ತೆ ಕ್ಯಾಮೆರಾದ ಮುಂದೆ ಓಡಿದವರ ಹೆಸರುಗಳನ್ನು ಇವತ್ತು ಒಂದೇ ಪೋಸ್ಟರಿನ ಮೇಲೆ ಓದಿದರೆ ನಂಬಲಾಗುವುದಿಲ್ಲ. ಕ್ಯಾಮೆರಾ ಹಿಡಿದವರು ಬಿನೋದ್ ಪ್ರಧಾನ್, ಸಂಕಲನ ರೇಣು ಸಲೂಜಾ, ಸಂಗೀತ ವನರಾಜ್ ಭಾಟಿಯಾ. ಚಿತ್ರದೊಳಗಿನ ಮಹಾಭಾರತ ನಾಟಕದ ದುಶ್ಶಾಸನನ ವೇಷಕ್ಕೆ ಇನ್ನೊಬ್ಬ ನಟನಿಗೆ ದುಡ್ಡು ಕೊಡುವ ಬದಲು ಚೋಪ್ರಾ ತಾವೇ ಕಿರೀಟ ಹಾಕಿಕೊಂಡು ರಂಗಕ್ಕೆ ಇಳಿದರು.

ಬಡತನ ಕೆಲಸವನ್ನು ಕೆಡಿಸುವುದೇ ಹೆಚ್ಚು, ಅದನ್ನು ಹೊಗಳುವುದು ನನಗೆ ಇಷ್ಟವಿಲ್ಲ. ಆದರೆ ಈ ಚಿತ್ರದ ಮಟ್ಟಿಗೆ ಕೈ ಖಾಲಿಯಿದ್ದದ್ದರಿಂದ ಒಂದು ಒಳ್ಳೆಯದಾಯಿತು. ಅರಮನೆಯಂಥ ಸೆಟ್ಟು ಹಾಕಲು ದುಡ್ಡಿಲ್ಲದೆ ಅವರು ನಗರವನ್ನು ನಗರವಾಗಿಯೇ ಚಿತ್ರಿಸಿದರು. ಅರ್ಧ ಎದ್ದ ಕಟ್ಟಡ, ಕಬ್ಬಿಣದ ಸರಳು ಹೊರಚಾಚಿದ ಮಹಡಿ, ಜೆಲ್ಲಿಕಲ್ಲಿನ ಗುಡ್ಡೆ, ಮಣ್ಣು ಅಗೆದು ಬಿಟ್ಟ ರಸ್ತೆ ಎಲ್ಲವೂ ಚಿತ್ರದೊಳಗೆ ಬಂದು ಕೂತವು. ಬೈಕುಲ್ಲಾದಲ್ಲಿ ಕಟ್ಟುತ್ತಿದ್ದ ಮೇಲ್ಸೇತುವೆ ಕುಸಿದಿತ್ತು. ಕಥೆಯಲ್ಲಿ ಬೇಕಿದ್ದ ಬಿದ್ದ ಸೇತುವೆ ನಿಜವಾಗಿಯೂ ಊರಿನ ನಡುವೆ ಬಿದ್ದಿತ್ತು. ಇಂಥ ಚಿತ್ರವನ್ನು ಸ್ಟುಡಿಯೋದ ನಾಲ್ಕು ಗೋಡೆಯೊಳಗೆ ತೆಗೆದಿದ್ದರೆ ಅದು ಕಟ್ಟುಕಥೆ ಅನ್ನಿಸುತ್ತಿತ್ತು. ಬೀದಿಯಲ್ಲಿ ತೆಗೆದದ್ದರಿಂದ ಅದು ಸಾಕ್ಷಿಯಾಗಿ ಉಳಿಯಿತು.

ಕಥೆ ಹೀಗೆ. ವಿನೋದ, ಸುಧೀರ ಇಬ್ಬರೂ ಪ್ರಾಮಾಣಿಕರು, ಅದಕ್ಕೇ ಅವರ ಸ್ಟುಡಿಯೋ ನಡೆಯುವುದಿಲ್ಲ. ‘ಖಬರ್‌ದಾರ್’ ಎಂಬ ಪತ್ರಿಕೆಯ ಸಂಪಾದಕಿ ಶೋಭಾ ಅವರನ್ನು ಕರೆದು, ಬಿಲ್ಡರ್ ತರನೇಜಾನಿಗೂ ಕಮಿಷನರ್ ಡಿಮೆಲ್ಲೋಗೂ ನಡುವಿನ ವ್ಯವಹಾರದ ಫೋಟೋ ತೆಗೆಯಲು ಹಚ್ಚುತ್ತಾಳೆ. ತರನೇಜಾನಿಗೆ ಎದುರಾಳಿ ಇನ್ನೊಬ್ಬ ಬಿಲ್ಡರ್ ಅಹುಜಾ. ಡಿಮೆಲ್ಲೋ ಇಬ್ಬರ ಕೈಯಿಂದಲೂ ತಿನ್ನಲು ಹೊರಟು ಕೊಲೆಯಾಗುತ್ತಾನೆ. ಪಾರ್ಕೊಂದರಲ್ಲಿ ತೆಗೆದ ಫೋಟೋ ಒಂದನ್ನು ಈ ಹುಡುಗರು ಕತ್ತಲೆಕೋಣೆಯಲ್ಲಿ ದೊಡ್ಡದು ಮಾಡುತ್ತ ಹೋದಾಗ ಆ ಕೊಲೆ ಅದರೊಳಗೆ ಕಾಣಿಸುತ್ತದೆ. ಇಟಲಿಯ ಮೈಕೆಲಾಂಜೆಲೊ ಅಂತೋನಿಯೋನಿ 1966ರಲ್ಲಿ ಮಾಡಿದ ‘ಬ್ಲೋ ಅಪ್’ ಚಿತ್ರದಲ್ಲೂ ಇಂಥದ್ದೇ ಪ್ರಸಂಗವಿದೆ. ಆ ಋಣವನ್ನು ಕುಂದನ್ ಮರೆಮಾಚಲಿಲ್ಲ, ಪಾರ್ಕಿಗೆ ಅಂತೋನಿಯೋನಿಯ ಹೆಸರನ್ನೇ ಇಟ್ಟರು. ಸತ್ತ ಕಮಿಷನರನ ಹೆಸರನ್ನು ತರನೇಜಾ ಕಟ್ಟಿದ ಸೇತುವೆಗೆ ಇಡಲಾಗುತ್ತದೆ. ಅವನ ಶವಪೆಟ್ಟಿಗೆ ಈ ಹುಡುಗರಿಗೆ ಸಿಕ್ಕುವುದೂ ಅದೇ ಸೇತುವೆಯ ಬಳಿ.

ಅಲ್ಲಿಂದ ಮುಂದೆ ಚಿತ್ರವನ್ನು ಹೊತ್ತು ನಡೆಸುವುದು ಒಂದು ಹೆಣ. ಡಿಮೆಲ್ಲೋ ಆಗಿ ನಟಿಸಿದ ಸತೀಶ್ ಶಾ ಅವರ ಕೆಲಸಕ್ಕೆ ಸಲ್ಲಬೇಕಾದ ಮೆಚ್ಚುಗೆ ಸಂದಿದೆಯೇ ಎಂದು ನನಗೆ ಇಂದಿಗೂ ಅನುಮಾನ. ಬದುಕಿರುವ ಡಿಮೆಲ್ಲೋಗೆ ಸಿಗುವ ಹೊತ್ತು ಸ್ವಲ್ಪವೇ. ಅಮೆರಿಕಕ್ಕೆ ಹೋಗಿಬಂದು ಅಲ್ಲಿನ ಚರಂಡಿಯನ್ನು ಬಾಯ್ತುಂಬ ಹೊಗಳುವ, ಕೇಕನ್ನು ಒಂದಿಷ್ಟು ತಿಂದು ಒಂದಿಷ್ಟು ಎಸೆಯುವ ಆ ಕೆಲವೇ ನಿಮಿಷಗಳಲ್ಲಿ ಅವನ ದುರಾಸೆ ಪೂರ್ತಿ ತೆರೆದುಕೊಳ್ಳಬೇಕು. ಆಮೇಲೆ ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು, ಒಬ್ಬರ ಹೆಗಲಿಂದ ಇನ್ನೊಬ್ಬರ ಹೆಗಲಿಗೆ ಜಾರುತ್ತ, ಸೀರೆಯುಟ್ಟು, ತನ್ನ ಮೈಯ ಭಾರವನ್ನೆಲ್ಲ ಬೇರೆಯವರಿಗೆ ಒಪ್ಪಿಸಬೇಕು. ಸುತ್ತಲಿನ ಮಾತಿನ ಚಕಮಕಿಗೆ ಅವರ ಮುಖದ ಒಂದು ನರವೂ ಮಿಡಿಯುವುದಿಲ್ಲ. ರಂಗದ ಮೇಲೆ ಸುಮ್ಮನಿರುವುದು ಎಷ್ಟು ಕಷ್ಟವೆಂದು ನಾಟಕ ಮಾಡಿದವರಿಗೆ ಗೊತ್ತು.

ಓಂ ಪುರಿಯವರ ಅಹುಜಾ ರಾತ್ರಿ ಕಂಠಪೂರ್ತಿ ಕುಡಿದು ಕಾರಿನಲ್ಲಿ ಬರುವಾಗ ರಸ್ತೆಯಲ್ಲಿ ಬಿದ್ದ ಶವಪೆಟ್ಟಿಗೆಯನ್ನು ಕೆಟ್ಟುನಿಂತ ಕಾರೆಂದು ತಿಳಿಯುತ್ತಾನೆ. ಒಳಗೆ ಮಲಗಿದವನನ್ನು ಮಾತಾಡಿಸುತ್ತಾನೆ, ಅವನ ಮೌನಕ್ಕೆ ಬೇಸರಪಡುತ್ತಾನೆ, ಮನಸ್ಸು ಕರಗಿ ಪೆಟ್ಟಿಗೆಯನ್ನು ತನ್ನ ಕಾರಿಗೆ ಕಟ್ಟಿ ಎಳೆದೊಯ್ಯುತ್ತಾನೆ. ‘ಆಕ್ರೋಶ್’ ಚಿತ್ರದಲ್ಲಿ ಹೆಚ್ಚುಕಡಿಮೆ ಮಾತೇ ಆಡದೆ ನೋವಿನ ಮುದ್ದೆಯಂತೆ ಕೂತ ಓಂ ಪುರಿಯನ್ನು 1980ರಲ್ಲಷ್ಟೇ ಕಂಡಿದ್ದ ಪ್ರೇಕ್ಷಕರಿಗೆ ಇದು ಬೆರಗು. ಅದೇ ನಟ, ಅದೇ ಮುಖದ ಗುಳಿಗಳು. ಈ ಬಾರಿ ಅವರು ಹೆಣದೊಂದಿಗೆ ಇಡೀ ಸಂಭಾಷಣೆಯನ್ನು ಒಬ್ಬರೇ ನಡೆಸಿದರು.

ನಸೀರರಿಗೂ ಕುಂದನ್‌ರಿಗೂ ಸೆಟ್ಟಿನಲ್ಲಿ ಜಗಳವೇ ಜಗಳ. ನಸೀರ್ ತರ್ಕ ಕೇಳುವ ನಟ. ಈ ಪಾತ್ರ ಇಲ್ಲಿ ಹೀಗೇಕೆ ನಡೆದುಕೊಳ್ಳುತ್ತದೆ ಎಂದು ಗೊತ್ತಾಗದೆ ಅವರಿಂದ ಆಗದು. ಒಂದೇ ಕೋಣೆಯಲ್ಲಿ ವಿನೋದನೂ ತರನೇಜಾನ ಸಹಾಯಕ ಅಶೋಕನೂ ಎರಡು ಫೋನು ಹಿಡಿದು, ಬೆನ್ನಿಗೆ ಬೆನ್ನು ತಾಗುವಷ್ಟು ಹತ್ತಿರ ನಿಂತು, ಬೇರೆ ಬೇರೆ ಕಡೆಯಿಂದ ಮಾತಾಡುತ್ತಿದ್ದೇವೆಂದು ನಂಬಿ ಮಾತಾಡುವ ದೃಶ್ಯ ಅವರಿಗೆ ಸ್ವಲ್ಪವೂ ಒಪ್ಪಿಗೆಯಾಗಿರಲಿಲ್ಲ. ಅಶೋಕನಾಗಿದ್ದ ಸತೀಶ್ ಕೌಶಿಕ್ ಆ ಸಂಭಾಷಣೆ ಬರೆದವರಲ್ಲೂ ಒಬ್ಬರು. ಇವತ್ತು ಚಿತ್ರದ ಹೆಸರೆತ್ತಿದರೆ ಜನ ಮೊದಲು ನೆನೆಯುವ ದೃಶ್ಯಗಳಲ್ಲಿ ಅದೂ ಒಂದು. ನಸೀರರ ಹಟ ವ್ಯರ್ಥವಾಯಿತೆಂದು ನಾನು ಹೇಳಲಾರೆ. ಅವರು ನಂಬಲು ಒದ್ದಾಡಿದ್ದರಿಂದಲೇ ವಿನೋದನ ಮುಖದಲ್ಲಿ ಆ ಗಂಭೀರತೆ ಉಳಿಯಿತು. ನಗಿಸಬೇಕೆಂದು ಹೊರಟವನ ಮುಖ ಅವರದಾಗಲಿಲ್ಲ. ರವಿ ಬಾಸ್ವಾನಿಯವರ ಸುಧೀರ ಚಿಗರೆಯಂತೆ ಹಾರಾಡುವಾಗ ಪಕ್ಕದಲ್ಲಿ ಈ ಭಾರ ಬೇಕಿತ್ತು.

ಮಹಾಭಾರತದ ದೃಶ್ಯಕ್ಕೆ ಬರೋಣ. ಹೆಣವನ್ನು ಹೊತ್ತು ಓಡುತ್ತ ಓಡುತ್ತ ಹುಡುಗರು ನುಗ್ಗುವುದು ಒಂದು ರಂಗಮಂದಿರಕ್ಕೆ. ಅಲ್ಲಿ ದ್ರೌಪದಿ ವಸ್ತ್ರಾಪಹರಣದ ನಾಟಕ ನಡೆದಿದೆ. ಡಿಮೆಲ್ಲೋನ ಶವಕ್ಕೆ ದ್ರೌಪದಿಯ ಸೀರೆ ಉಡಿಸಲಾಗುತ್ತದೆ. ಬೆನ್ನಟ್ಟಿ ಬಂದವರು ಸಿಕ್ಕ ಸಿಕ್ಕ ವೇಷ ತೊಟ್ಟು ರಂಗಕ್ಕೆ ನುಗ್ಗುತ್ತಾರೆ. ದುರ್ಯೋಧನನ ಕಿರೀಟ ವಿನೋದನ ತಲೆಗೆ, ಭೀಮನ ಗದೆ ಅಹುಜಾನ ಕೈಗೆ. ಕುರುಡ ಧೃತರಾಷ್ಟ್ರ ಏನು ನಡೆಯುತ್ತಿದೆ ಎಂದು ಕೇಳುತ್ತಲೇ ಇರುತ್ತಾನೆ, ಉತ್ತರ ಕೊಡುವವರಿಲ್ಲ. ಕೊನೆಗೆ ಮೊಗಲರ ಕಾಲದ ಅಕ್ಬರ್, ಸಲೀಮರೂ ಬಂದು ಸೇರಿಕೊಳ್ಳುತ್ತಾರೆ.

ಹಳೇ ಮೈಸೂರಿನ ಯಾವುದೇ ಹಳ್ಳಿಯಲ್ಲಿ ‘ಕುರುಕ್ಷೇತ್ರ’ ನಾಟಕ ನೋಡಿ ಬೆಳೆದವರಿಗೆ ಈ ದೃಶ್ಯ ಪರಕೀಯವಲ್ಲ. ಹಗಲು ಹೊಲದಲ್ಲಿ ಇದ್ದವನು ರಾತ್ರಿ ಬಾಡಿಗೆಯ ಕಿರೀಟ ತೊಟ್ಟು ದುರ್ಯೋಧನನಾಗುತ್ತಾನೆ. ಹಾರ್ಮೋನಿಯಂ ಮೇಷ್ಟ್ರು ಶ್ರುತಿ ಹಿಡಿದು ಕಾಯುತ್ತಿರುತ್ತಾರೆ. ಭೀಮನ ಪಾತ್ರಧಾರಿಗೂ ದುಶ್ಶಾಸನನ ಪಾತ್ರಧಾರಿಗೂ ಜಮೀನಿನ ಬದುವಿನ ಜಗಳವಿದ್ದರೆ ಆ ರಾತ್ರಿಯ ಗದಾಯುದ್ಧ ಬೇರೆಯೇ ಕಳೆ ಪಡೆಯುತ್ತದೆ. ನೋಡುವವರಿಗೆಲ್ಲ ಕಥೆ ಬಾಯಿಪಾಠ, ಮುಂದಿನ ಪದ್ಯವೂ ಗೊತ್ತು. ಹೀಗೆ ಎಲ್ಲರಿಗೂ ಗೊತ್ತಿರುವ ಕಥೆಯಲ್ಲಿ ಒಂದು ಎಳೆ ತಪ್ಪಿದರೆ ಸಭೆ ತಕ್ಷಣ ಎದ್ದು ಕೂರುತ್ತದೆ. ರಂಜಿತ್ ಕಪೂರ್ ಮತ್ತು ಸತೀಶ್ ಕೌಶಿಕ್ ನಾಟಕದವರಾದ್ದರಿಂದ ಈ ಗುಟ್ಟು ಬಲ್ಲವರು. ಅವರು ಪಾರ್ಸಿ ಕಂಪನಿ ನಾಟಕಗಳ ಏರುದನಿಯ ಮಾತನ್ನು ಹಾಗೇ ಇಟ್ಟುಕೊಂಡು, ಅದರೊಳಗೆ ಬಿಲ್ಡರುಗಳ ವ್ಯವಹಾರದ ಮಾತನ್ನು ಇಳಿಬಿಟ್ಟರು.

ಮೂಲ ಕಥೆಯಲ್ಲಿ ಸೀರೆಗೆ ಕೈಹಾಕಿಸಿದವನು ದುರ್ಯೋಧನ. ಇಲ್ಲಿ ದುರ್ಯೋಧನನ ವೇಷದಲ್ಲಿರುವ ವಿನೋದನೇ ವಸ್ತ್ರಾಪಹರಣದ ಯೋಚನೆ ಕೈಬಿಟ್ಟೆನೆಂದು ಸಾರಬೇಕಾಗುತ್ತದೆ, ಏಕೆಂದರೆ ಸೀರೆ ಸರಿದರೆ ಹೆಣ ಬಯಲಾಗುತ್ತದೆ. ಇತ್ತ ಭೀಮನ ವೇಷದ ಅಹುಜಾ ದ್ರೌಪದಿ ಒಬ್ಬನ ಸ್ವತ್ತಲ್ಲ, ನಾವೆಲ್ಲ ಪಾಲುದಾರರು ಎಂಬ ನ್ಯಾಯ ಹೂಡುತ್ತಾನೆ. ಟೆಂಡರು ಹಂಚಿಕೊಳ್ಳುವವರ ಭಾಷೆ ಅದು. ಸಾಕ್ಷಿಯನ್ನು ಕಾಪಾಡಲು ಹೊರಟ ಸತ್ಯವಂತರು ಕೌರವರ ವೇಷ ತೊಡಬೇಕಾಗಿದೆ, ಲೂಟಿಕೋರರು ಪಾಂಡವರಾಗಿ ಹಕ್ಕು ಕೇಳುತ್ತಿದ್ದಾರೆ. ಸಭಿಕರು ಇದು ನಾಟಕವೇ ಎಂದು ಚಪ್ಪಾಳೆ ತಟ್ಟುತ್ತಿದ್ದಾರೆ. 1982ರ ಮುಂಬೈಯನ್ನು ಇದಕ್ಕಿಂತ ನಿಚ್ಚಳವಾಗಿ ಬರೆದ ಇನ್ನೊಂದು ಪುಟವನ್ನು ನಾನು ಓದಿಲ್ಲ.

ಪತ್ರಿಕೆಯವರನ್ನೂ ಚಿತ್ರ ಬಿಡಲಿಲ್ಲ. ಶೋಭಾ ಪಾತ್ರ ಮಾಡಿದ ಭಕ್ತಿ ಬರ್ವೆ ಮರಾಠಿ ರಂಗಭೂಮಿಯ ಬಹುದೊಡ್ಡ ನಟಿ, ‘ತೀ ಫುಲರಾಣಿ’ ನಾಟಕದಿಂದ ಮನೆಮಾತಾದವರು, ಮುಂಬೈ ದೂರದರ್ಶನದಲ್ಲಿ ವಾರ್ತೆ ಓದುತ್ತಿದ್ದವರು. ಜನ ನಂಬುವ ಮುಖ, ನಂಬುವ ದನಿ. ಆ ಮುಖವನ್ನೇ ಆರಿಸಿ, ಸತ್ಯದ ಹೆಸರಲ್ಲಿ ಹುಡುಗರನ್ನು ದುಡಿಸಿಕೊಂಡು, ಕೊನೆಗೆ ಅವರು ತಂದ ಸಾಕ್ಷಿಯಿಂದ ತರನೇಜಾನ ಹತ್ತಿರ ಹಣ ಕೀಳಲು ನೋಡುವ ಸಂಪಾದಕಿಯನ್ನಾಗಿ ಮಾಡಿದ್ದು ಧೈರ್ಯದ ಕೆಲಸ. ಅಂತುಳೆ ಪ್ರಕರಣದಿಂದ ಪತ್ರಿಕೆಗಳ ಮೇಲೆ ಜನರಿಗೆ ಹೊಸ ಭರವಸೆ ಹುಟ್ಟಿದ್ದ ಹೊತ್ತು ಅದು. ಆಗಲೂ ಕುಂದನ್ ಶಾ ಯಾರನ್ನೂ ಪೂಜೆಗೆ ಕೂರಿಸಲು ಒಪ್ಪಲಿಲ್ಲ.

ಅದಕ್ಕೇ ಅಂತ್ಯ ಹಾಗಿದೆ. ಬಿಲ್ಡರುಗಳು, ಹೊಸ ಕಮಿಷನರ್, ಸಂಪಾದಕಿ, ಪೊಲೀಸರು ಎಲ್ಲರೂ ಒಂದಾಗಿ ಸೇತುವೆ ಬಿದ್ದ ಪಾಪವನ್ನು ಇಬ್ಬರು ಫೋಟೋಗ್ರಾಫರುಗಳ ತಲೆಗೆ ಕಟ್ಟುತ್ತಾರೆ. ಒಂದು ದಿನ ಗೆಲ್ಲುತ್ತೇವೆಂಬ ‘ಹಮ್ ಹೋಂಗೇ ಕಾಮಯಾಬ್’ ಹಾಡನ್ನು ಹಾಡಿಕೊಂಡು ಕೆಲಸಕ್ಕೆ ಇಳಿದಿದ್ದ ವಿನೋದ, ಸುಧೀರ ಕೈದಿಗಳ ಉಡುಪಿನಲ್ಲಿ ಅದೇ ಹಾಡಿನ ಹಿನ್ನೆಲೆಯಲ್ಲಿ ಮುಂಬೈಯ ಬೀದಿಯಲ್ಲಿ ನಡೆಯುತ್ತಾರೆ. ಕ್ಯಾಮೆರಾದ ಕಡೆ ತಿರುಗಿ ಕತ್ತು ಕೊಯ್ಯುವ ಸನ್ನೆ ಮಾಡುತ್ತಾರೆ. ಎರಡು ಗಂಟೆ ನಕ್ಕ ಪ್ರೇಕ್ಷಕ ಕುರ್ಚಿಯಲ್ಲಿ ಹಾಗೇ ಕೂರುತ್ತಾನೆ. ಹಾಸ್ಯಚಿತ್ರ ಸುಖಾಂತವಾಗಬೇಕೆಂಬ ಆಸೆಗೆ ಮಣಿದಿದ್ದರೆ ಈ ಚಿತ್ರ ಹತ್ತರಲ್ಲಿ ಹನ್ನೊಂದಾಗುತ್ತಿತ್ತು.

ಮೊದಲ ಸಲ ಜೋಡಿಸಿದಾಗ ಚಿತ್ರ ಬಹಳ ಉದ್ದವಿತ್ತು. ಅದನ್ನು ಹಿಡಿತಕ್ಕೆ ತಂದವರು ರೇಣು ಸಲೂಜಾ. ಅನುಪಮ್ ಖೇರ್ ‘ಡಿಸ್ಕೋ ಕಿಲ್ಲರ್’ ಎಂಬ ಬಾಡಿಗೆ ಹಂತಕನ ಪಾತ್ರ ಮಾಡಿದ್ದರು. ಆ ಭಾಗ ಪೂರ್ತಿ ಕತ್ತರಿಗೆ ಹೋಯಿತು, ಅವರು ತೆರೆಯ ಮೇಲೆ ಎಲ್ಲೂ ಉಳಿಯಲಿಲ್ಲ. ಮರುವರ್ಷವೇ ‘ಸಾರಾಂಶ್’ ಬಂದು ಅವರ ಹೆಸರು ಮನೆಮನೆಗೆ ಮುಟ್ಟಿತು. ಓಟ, ಗಲಾಟೆ, ಕಿರಿಚಾಟ ತುಂಬಿದ ಕಥೆಯಲ್ಲಿ ಎಲ್ಲಿ ಉಸಿರು ಬಿಡಬೇಕು, ಎಲ್ಲಿ ಬಿಡಬಾರದು ಎಂಬ ರೇಣು ಅವರ ಲೆಕ್ಕ ಇಡೀ ಚಿತ್ರದ ಬೆನ್ನೆಲುಬು. ಮುಂದೆ ‘ಪರಿಂದಾ’, ‘ಬ್ಯಾಂಡಿಟ್ ಕ್ವೀನ್’ ಅವರ ಕೈಯಲ್ಲೇ ಆಕಾರ ಪಡೆದವು.

ಬಿಡುಗಡೆಯಾದಾಗ ಥಿಯೇಟರಿನಲ್ಲಿ ಚಿತ್ರ ಹೆಚ್ಚು ದಿನ ನಿಲ್ಲಲಿಲ್ಲ. ದೊಡ್ಡ ತಾರೆಯಿಲ್ಲ, ಪ್ರೇಮಗೀತೆಯಿಲ್ಲ, ಪ್ರಚಾರಕ್ಕೆ ಹಣವಿಲ್ಲ. ಅದೇ ವರ್ಷದ ಅತ್ಯುತ್ತಮ ಚೊಚ್ಚಲ ಚಿತ್ರಕ್ಕೆ ಕೊಡುವ ರಾಷ್ಟ್ರಪ್ರಶಸ್ತಿ ಕುಂದನ್ ಶಾ ಅವರಿಗೆ ಬಂತು. ರವಿ ಬಾಸ್ವಾನಿಗೆ ಅತ್ಯುತ್ತಮ ಹಾಸ್ಯನಟನ ಫಿಲ್ಮ್‌ಫೇರ್ ಬಂತು. ಚಿತ್ರಕ್ಕೆ ಜನ ಸಿಕ್ಕಿದ್ದು ಮಾತ್ರ ಬೇರೆ ದಾರಿಯಲ್ಲಿ. 1984ರ ಹೊತ್ತಿಗೆ ದೂರದರ್ಶನದ ಟ್ರಾನ್ಸ್‌ಮಿಟರುಗಳು ಊರೂರಿಗೆ ಬಂದವು, ಬೀದಿಬೀದಿಗೆ ವಿಡಿಯೋ ಕ್ಯಾಸೆಟ್ ಅಂಗಡಿ ತೆರೆಯಿತು. ಟಿವಿಯಲ್ಲಿ ಒಮ್ಮೆ ನೋಡಿದವರು ಮತ್ತೊಮ್ಮೆ ಹಾಕಿದಾಗ ಅಕ್ಕಪಕ್ಕದವರನ್ನು ಕರೆದರು. ಹಿಂದಿ ಅಷ್ಟಕ್ಕಷ್ಟೇ ಬರುತ್ತಿದ್ದ ನಮ್ಮ ಕಡೆಯ ಮನೆಗಳಲ್ಲೂ ಮಹಾಭಾರತದ ದೃಶ್ಯಕ್ಕೆ ಅನುವಾದ ಬೇಕಾಗಲಿಲ್ಲ. ನಿರ್ಮಾಪಕರ ಲೆಕ್ಕದ ಪುಸ್ತಕದಲ್ಲಿ ಇಂಥ ಗೆಲುವು ಕಾಣುವುದಿಲ್ಲ. ಚಿತ್ರ ಮಾಡಿದವರಿಗೆ ಅದರಿಂದ ದುಡ್ಡೂ ಬರಲಿಲ್ಲ.

ಆ ತಂಡ ಆಮೇಲೆ ಹರಡಿಕೊಂಡ ಬಗೆ ನೋಡಿದರೆ ಈ ಏಳು ಲಕ್ಷದ ಬೆಲೆ ತಿಳಿಯುತ್ತದೆ. ಸುಧೀರ್ ಮಿಶ್ರಾ 1987ರಲ್ಲಿ ‘ಯೇ ವೋ ಮಂಜಿಲ್ ತೋ ನಹೀಂ’ ಚಿತ್ರಕ್ಕೆ ಅದೇ ಚೊಚ್ಚಲ ಚಿತ್ರದ ಪ್ರಶಸ್ತಿ ಪಡೆದರು. ವಿಧು ವಿನೋದ್ ಚೋಪ್ರಾ 1989ರಲ್ಲಿ ‘ಪರಿಂದಾ’ ಮಾಡಿದರು, ಕ್ಯಾಮೆರಾ ಬಿನೋದ್ ಪ್ರಧಾನರದೇ. ಕುಂದನ್ ಶಾ ಸ್ವತಃ ಟಿವಿಗೆ ಹೋದರು. ‘ಯೇ ಜೋ ಹೈ ಜಿಂದಗಿ’, ಸಯೀದ್ ಮಿರ್ಜಾ ಜೊತೆ ‘ನುಕ್ಕಡ್’, ಆಮೇಲೆ ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣರ ಕಲ್ಪನೆಯಿಂದ ಎದ್ದ ‘ವಾಗ್ಲೆ ಕಿ ದುನಿಯಾ’. ಲಕ್ಷ್ಮಣರ ಶ್ರೀಸಾಮಾನ್ಯನೂ ಕುಂದನ್‌ರ ವಿನೋದ-ಸುಧೀರರೂ ಒಂದೇ ಬೀದಿಯವರು: ನೋಡುತ್ತಾರೆ, ಎಲ್ಲ ತಿಳಿಯುತ್ತಾರೆ, ಕೊನೆಗೆ ಬಿಲ್ಲು ಅವರ ಹೆಸರಿಗೇ ಬರುತ್ತದೆ. ಅಂಥ ಇಬ್ಬರು ಕಲಾವಿದರು ಒಂದೇ ಕೆಲಸದಲ್ಲಿ ಕೂಡಿದ್ದು ಸಹಜವಾಗಿತ್ತು. 1994ರ ‘ಕಭೀ ಹಾಂ ಕಭೀ ನಾ’ದಲ್ಲಿ ಶಾರುಖ್ ಖಾನ್ ಸೋಲುವ ಹುಡುಗನಾದರು. ಸೋಲುವವರ ಮೇಲಿನ ಪ್ರೀತಿಯನ್ನು ಕುಂದನ್ ಎಂದೂ ಬಿಡಲಿಲ್ಲ.

ರೇಣು ಸಲೂಜಾ 2000ದಲ್ಲಿ, ಇನ್ನೂ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು. ಮರುವರ್ಷ ಭಕ್ತಿ ಬರ್ವೆ ರಸ್ತೆ ಅಪಘಾತದಲ್ಲಿ ಹೋದರು. ರವಿ ಬಾಸ್ವಾನಿ ತಾವೇ ನಿರ್ದೇಶಿಸಬೇಕೆಂದಿದ್ದ ಮೊದಲ ಚಿತ್ರಕ್ಕೆ ಜಾಗ ನೋಡಲು ಬೆಟ್ಟದ ಊರುಗಳಿಗೆ ಹೋಗಿ ಮರಳುವಾಗ 2010ರ ಜುಲೈಯಲ್ಲಿ ಕೊನೆಯುಸಿರೆಳೆದರು. 2012ರ ನವೆಂಬರ್ 2ರಂದು ಎನ್‌ಎಫ್‌ಡಿಸಿ ಹಳೆಯ ಪ್ರತಿಯನ್ನು ಶುದ್ಧಗೊಳಿಸಿ ಮಲ್ಟಿಪ್ಲೆಕ್ಸುಗಳಲ್ಲಿ ಮತ್ತೆ ಬಿಡುಗಡೆ ಮಾಡಿತು. ಚಿತ್ರ ಮೊದಲು ಬಂದಾಗ ಹುಟ್ಟಿಯೇ ಇರದವರು ಟಿಕೆಟ್ ಕೊಂಡು ಬಂದು ನೋಡಿದರು.

2015ರಲ್ಲಿ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ವಿದ್ಯಾರ್ಥಿಗಳು, ಸಂಸ್ಥೆಯ ಅಧ್ಯಕ್ಷರ ನೇಮಕವನ್ನು ವಿರೋಧಿಸಿ ತಿಂಗಳುಗಟ್ಟಲೆ ತರಗತಿ ಬಿಟ್ಟು ಮುಷ್ಕರ ನಡೆಸಿದರು. ಆ ನವೆಂಬರಿನಲ್ಲಿ ರಾಷ್ಟ್ರಪ್ರಶಸ್ತಿಗಳನ್ನು ಹಿಂತಿರುಗಿಸಿದ ಚಿತ್ರಕರ್ಮಿಗಳಲ್ಲಿ ಕುಂದನ್ ಶಾ ಒಬ್ಬರು. ಅವರು ಮರಳಿಸಿದ್ದು ಇದೇ ಚಿತ್ರಕ್ಕೆ ಬಂದ ಪ್ರಶಸ್ತಿಯನ್ನು. ಆ ಶಾಲೆ ಇಲ್ಲದಿದ್ದರೆ ಈ ಚಿತ್ರ ಇರುತ್ತಿರಲಿಲ್ಲ, ಹಾಗಾಗಿ ಅದು ಅವರ ಮಟ್ಟಿಗೆ ಋಣ ತೀರಿಸುವ ಕೆಲಸ. ಎರಡು ವರ್ಷದ ನಂತರ, 2017ರ ಅಕ್ಟೋಬರ್ 7ರಂದು, ಮುಂಬೈಯ ತಮ್ಮ ಮನೆಯಲ್ಲಿ ನಿದ್ದೆಯಲ್ಲೇ ಅವರು ತೀರಿಕೊಂಡರು. ಓಂ ಪುರಿ ಅದೇ ವರ್ಷದ ಜನವರಿಯಲ್ಲಿ ಹೋಗಿದ್ದರು.